ಎರೆ ನೆಲದಲ್ಲಿ ವಿಂಡ್‌ಮಿಲ್‌ಗೆ ಪೈಲ್ ಅಡಿಪಾಯ: ಮಣ್ಣಿನ ವರದಿಯಿಂದ ಕಾಂಕ್ರೀಟ್‌ವರೆಗೆ

“ಸರ್, ಒಂದು ವಿಂಡ್‌ಮಿಲ್‌ಗೆ ಎಷ್ಟು ಪೈಲ್ ಹಾಕಬೇಕು?” ಗದಗ, ಕೊಪ್ಪಳ, ವಿಜಯಪುರದ ಕಡೆ ಸೈಟ್‌ನಲ್ಲಿರುವ ಹುಡುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಪೈಲ್ ಅಂದರೆ ನೆಲದೊಳಗೆ ಆಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ. ಕಟ್ಟಡದ ಕೆಲಸ ಮಾಡಿ ಬಂದವರಿಗೆ ಹೀಗೆ ಕೇಳುವುದು ಸಹಜ. ಅಲ್ಲಿ ಕಾಲಮ್ಮಿನ ತೂಕವನ್ನು ಒಂದು ಪೈಲಿನ ಶಕ್ತಿಯಿಂದ ಭಾಗಿಸಿದರೆ ಉತ್ತರ ಬಂದುಬಿಡುತ್ತದೆ. ಇಲ್ಲಿ ಹಾಗಲ್ಲ. ವಿಂಡ್‌ಮಿಲ್‌ನ ತೂಕ ಅಡಿಪಾಯಕ್ಕೆ ತೊಂದರೆ ಕೊಡುವುದಿಲ್ಲ, ಸಹಾಯ ಮಾಡುತ್ತದೆ. ತೊಂದರೆ ಕೊಡುವುದು ಮೇಲಿನ ಗಾಳಿ. ನೂರಿಪ್ಪತ್ತು ಮೀಟರ್ ಎತ್ತರದಲ್ಲಿ ತಳ್ಳಿ, ಬುಡವನ್ನು ಮಗುಚಲು ನೋಡುತ್ತದೆ. ಅದೂ ಒಂದು ದಿನ ಅಲ್ಲ, ಇಪ್ಪತ್ತು ವರ್ಷ.

ಹಾಗಾಗಿ ಪೈಲಿನ ಎಣಿಕೆ ಈ ಲೆಕ್ಕದ ಮಧ್ಯದಲ್ಲೆಲ್ಲೋ ಬರುತ್ತದೆ. ಅದಕ್ಕೆ ಮುಂಚೆ ಏನು, ಆಮೇಲೆ ಏನು ಅಂತ ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಉದಾಹರಣೆಯ ಅಂಕಿಗಳು ಕಲಿಯಲಿಕ್ಕೆ ಮಾತ್ರ. ನಿಮ್ಮ ಯಂತ್ರದ್ದು, ನಿಮ್ಮ ಮಣ್ಣಿನದ್ದು ಬೇರೆ ಇರುತ್ತದೆ. ಕೊನೆಯ ಡ್ರಾಯಿಂಗ್‌ಗೆ ಅನುಭವ ಇರುವ ಸ್ಟ್ರಕ್ಚರಲ್ ಮತ್ತು ಮಣ್ಣಿನ ಎಂಜಿನಿಯರ್ ಇಬ್ಬರೂ ಸಹಿ ಹಾಕಬೇಕು.

ಕೈಯಲ್ಲಿ ಏನೇನು ಇರಬೇಕು

ಯಂತ್ರ ತಯಾರಕರ ಲೋಡ್ ದಾಖಲೆ ಬೇಕು. ಅದೇ ಯಂತ್ರದ ಜಾಗದಲ್ಲಿ ಮಾಡಿದ ಮಣ್ಣಿನ ವರದಿ ಬೇಕು. ನಮ್ಮ ದೇಶದ ಕೋಡ್‌ಗಳಲ್ಲಿ (ಐಎಸ್ ಅಂದರೆ ಇಂಡಿಯನ್ ಸ್ಟ್ಯಾಂಡರ್ಡ್) ಬೋರ್ ಕೊರೆದು ಸ್ಥಳದಲ್ಲೇ ಕಾಂಕ್ರೀಟ್ ತುಂಬುವ ಪೈಲ್‌ಗೆ ಐಎಸ್ 2911 ಭಾಗ 1 ವಿಭಾಗ 2, ಪೈಲ್ ಟೆಸ್ಟ್‌ಗೆ ಅದರದೇ ಭಾಗ 4, ಕಾಂಕ್ರೀಟ್‌ಗೆ ಐಎಸ್ 456. ಇಷ್ಟು ಸಾಲದು. ಗಾಳಿಯಂತ್ರದ ಗೋಪುರ ಮತ್ತು ಅಡಿಪಾಯಕ್ಕೆಂದೇ 2020ರಲ್ಲಿ ಬಂದ ಅಂತರರಾಷ್ಟ್ರೀಯ ಕೋಡ್ ಐಇಸಿ 61400-6 ಅನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಯಾಕೆ ಅಂತ ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಪೈಲ್ ನಿಜವಾಗಿ ಬೇಕಾ?

ಇದನ್ನು ಯಾರೂ ಕೇಳುವುದಿಲ್ಲ. ಚಿತ್ರದುರ್ಗದ ಗುಡ್ಡದ ಸಾಲಿನಲ್ಲಾಗಲಿ ಕಪ್ಪತಗುಡ್ಡದ ಆಸುಪಾಸಿನಲ್ಲಾಗಲಿ ಎರಡು ಮೂರು ಮೀಟರ್ ತೋಡಿದರೆ ಗಟ್ಟಿ ಗರಸೋ ಕಲ್ಲೋ ಸಿಗುವ ಜಾಗಗಳೇ ಹೆಚ್ಚು. ಅಲ್ಲಿ 18ರಿಂದ 22 ಮೀಟರ್ ಅಗಲದ ದುಂಡನೆ ರಾಫ್ಟ್ ಸಾಕು. ರಾಫ್ಟ್ ಅಂದರೆ ತನ್ನ ತೂಕದಿಂದಲೇ ನೆಲವನ್ನು ಅದುಮಿ ಕೂರುವ ದಪ್ಪ ಕಾಂಕ್ರೀಟ್ ತಟ್ಟೆ. ಅಲ್ಲಿ ಪೈಲ್ ಹಾಕುವುದು ಸುಮ್ನೆ ದುಡ್ಡು ಸುರಿದಂತೆ.

ಪೈಲ್ ಬೇಕಾಗುವುದು ಎರೆ ಮಣ್ಣು ಆಳವಾಗಿದ್ದು, ಅದರ ಕೆಳಗೂ ಮೆತ್ತನೆ ಜೇಡಿ ಮುಂದುವರಿದಾಗ. ಕೆರೆ ಅಂಗಳ, ಹಳ್ಳದ ದಂಡೆ, ಹಳೆಯ ಕ್ವಾರಿಗೆ ಮಣ್ಣು ತುಂಬಿದ ಜಾಗ ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ಮಧ್ಯದ ಪರಿಸ್ಥಿತಿ ಒಂದಿದೆ. ಕೆಟ್ಟ ಮಣ್ಣು ನಾಲ್ಕೈದು ಮೀಟರ್ ಮಾತ್ರ ಇದ್ದರೆ ಅದನ್ನು ತೆಗೆದು ಗರಸು ತುಂಬಿ, ಪದರ ಪದರವಾಗಿ ರೋಲರ್ ಹೊಡೆದು ರಾಫ್ಟ್ ಹಾಕಬಹುದಾ ಅಂತ ಮೊದಲು ದರ ಹಾಕಿ ನೋಡಿ. ಪೈಲ್ ಕೊರೆಯುವ ಯಂತ್ರ, ಅಂದರೆ ಪೈಲಿಂಗ್ ರಿಗ್, ತರಿಸುವ ಖರ್ಚಿಗಿಂತ ಅದು ಅಗ್ಗ ಆಗುವುದುಂಟು.

ಹಂತ 2: ಪ್ರತಿ ಯಂತ್ರಕ್ಕೂ ಅದರದೇ ಬೋರ್

ಐವತ್ತು ಯಂತ್ರದ ಸೈಟ್‌ನಲ್ಲಿ ಹತ್ತು ಬೋರ್, ಅಂದರೆ ಮಣ್ಣು ಪರೀಕ್ಷಿಸುವ ತೂತು, ಹೊಡೆಸಿ, ಉಳಿದದ್ದಕ್ಕೆ “ಪಕ್ಕದ್ದರ ಹಾಗೇ” ಅಂತ ಬರೆಯುವ ಅಭ್ಯಾಸ ಇದೆ. ನಾನೂ ಒಮ್ಮೆ ಹಾಗೆ ಮಾಡಿ ಪೆಟ್ಟು ತಿಂದಿದ್ದೇನೆ. ಇನ್ನೂರು ಮೀಟರ್ ಕೂಡ ದೂರ ಇಲ್ಲದ ಯಂತ್ರದ ವರದಿ ನಂಬಿ ಉದ್ದ ಕೊಟ್ಟಿದ್ದೆ. ರಿಗ್ ಕೊರೆಯುತ್ತಲೇ ಹೋಯಿತು, ಕಲ್ಲು ಸಿಕ್ಕಿದ್ದು ಐದು ಮೀಟರ್ ಇನ್ನೂ ಕೆಳಗೆ. ಕಂಬಿ ಪಂಜರಗಳೆಲ್ಲ ಆಗಲೇ ಕಟ್ಟಿ ಆಗಿತ್ತು.

ಪೈಲ್ ಹಾಕುವ ಜಾಗವಾದರೆ ಕನಿಷ್ಠ ಮೂರು ಬೋರ್ ಹೊಡೆಸಿ. ಮಧ್ಯದಲ್ಲಿ ಒಂದು, ಪೈಲ್ ಬರುವ ವೃತ್ತದ ಮೇಲೆ ಎದುರುಬದುರು ಎರಡು. ಪೈಲಿನ ತುದಿ ಎಲ್ಲಿ ಬರಬಹುದು ಅಂತ ಅಂದಾಜಿದೆಯೋ ಅದಕ್ಕಿಂತ ಐದು ಮೀಟರಾದರೂ ಕೆಳಗೆ ಹೋಗಲಿ. ಯಾಕೆಂದರೆ ಮೆತ್ತನೆ ನೆಲದ ಮಧ್ಯೆ ಒಂದು ದೊಡ್ಡ ಗುಂಡು ಸಿಕ್ಕಿದರೂ ಬೋರ್‌ನವರು “ಕಲ್ಲು ಬಂತು” ಅಂತ ನಿಲ್ಲಿಸಿಬಿಡುತ್ತಾರೆ.

ವರದಿಯಲ್ಲಿ ಈ ನಾಲ್ಕು ಇವೆಯಾ ನೋಡಿ. ಒಂದು, ಎಸ್‌ಪಿಟಿ ಎಣಿಕೆ. ನಿಗದಿತ ತೂಕದ ಸುತ್ತಿಗೆಯಿಂದ ಬಡಿದು, 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕು ಅಂತ ಎಣಿಸುವ ಪರೀಕ್ಷೆ ಅದು. ಎರಡು, ಮಳೆಗಾಲದಲ್ಲಿ ನೀರಿನ ಮಟ್ಟ ಎಲ್ಲಿಯವರೆಗೆ ಬರುತ್ತದೆ. ಏಪ್ರಿಲ್‌ನಲ್ಲಿ ಹೊಡೆದ ಬೋರ್ “ನೀರು ಸಿಗಲಿಲ್ಲ” ಅನ್ನುತ್ತದೆ, ನಂಬಬೇಡಿ. ಪಕ್ಕದ ಹೊಲದವರನ್ನು ಕೇಳಿ, ಬಾವಿ ನೋಡಿ. ಮೂರು, ಎರೆ ಮಣ್ಣಿನ ಉಬ್ಬುವ ಒತ್ತಡ. ಇದಕ್ಕೆ ಐಎಸ್ 2720 ಭಾಗ 41ರ ಪರೀಕ್ಷೆ ಇದೆ. ನಾಲ್ಕು, ನೆಲದೊಳಗೆ ಕಂಪನದ ಅಲೆ ಎಷ್ಟು ವೇಗದಲ್ಲಿ ಓಡುತ್ತದೆ ಅನ್ನುವ ಅಳತೆ. ನೆಲದ ಮೇಲೆ ಸೆನ್ಸರ್ ಸಾಲಾಗಿ ಇಟ್ಟು, ಸುತ್ತಿಗೆ ಹೊಡೆದು ಅಳೆಯುತ್ತಾರೆ. ಕಟ್ಟಡದ ಕೆಲಸದಲ್ಲಿ ಇದನ್ನು ಕೇಳುವವರು ಕಡಿಮೆ. ಇಲ್ಲಿ ಇದಿಲ್ಲದೆ ಆರನೇ ಹಂತ ನಡೆಯುವುದಿಲ್ಲ.

ಹಂತ 3: ಲೋಡ್ ದಾಖಲೆ ಓದುವುದು

ಮೊದಲ ಎಚ್ಚರಿಕೆ: ಕಟ್ಟಡಗಳ ಲೋಡ್ ಕೋಡ್ ಐಎಸ್ 875 ಹಿಡಿದು ಯಂತ್ರದ ಗಾಳಿ ಲೋಡ್ ನೀವೇ ತೆಗೆಯಲು ಹೋಗಬೇಡಿ. ರೆಕ್ಕೆ ತಿರುಗುತ್ತದೆ, ತನ್ನ ಕೋನ ಬದಲಿಸುತ್ತದೆ, ಬ್ರೇಕ್ ಹಾಕುತ್ತದೆ. ಇವೆಲ್ಲ ಸೇರಿದ ಲೆಕ್ಕ ತಯಾರಕರ ಕಂಪ್ಯೂಟರಿನಲ್ಲಿ ಮಾತ್ರ ಸಿಗುತ್ತದೆ.

ಎರಡನೆಯದು: ಕೊಟ್ಟಿರುವ ಅಂಕಿ ಮೂಲ ಲೋಡಾ, ಸುರಕ್ಷಾ ಗುಣಕ ಸೇರಿಸಿದ್ದಾ? ಐಇಸಿ ಪದ್ಧತಿಯಲ್ಲಿ ಸಾಮಾನ್ಯ ಸಂದರ್ಭದ ಲೋಡಿಗೆ 1.35, ಯಂತ್ರ ಕೆಟ್ಟಂತಹ ಅಪರೂಪದ ಸಂದರ್ಭಕ್ಕೆ 1.1 ಗುಣಿಸುತ್ತಾರೆ. ಐಎಸ್ 2911ರ ಪೈಲ್ ಲೆಕ್ಕ ನಡೆಯುವುದು ಮೂಲ ಲೋಡಿನ ಮೇಲೆ. ಗುಣಿಸಿದ ಲೋಡನ್ನು ತಂದು ಪೈಲಿನ ಸುರಕ್ಷಿತ ಶಕ್ತಿಯ ಎದುರು ಇಟ್ಟರೆ ಎರಡು ಸಲ ಸುರಕ್ಷೆ ಹಾಕಿದಂತೆ, ಪೈಲ್ ಸುಮ್ನೆ ಜಾಸ್ತಿ ಆಗುತ್ತದೆ. ಉಲ್ಟಾ ಮಾಡಿ, ಮೂಲ ಲೋಡಿಗೆ ಕಂಬಿ ಡಿಸೈನ್ ಮಾಡಿದರೆ ಪೈಲ್ ಕ್ಯಾಪ್, ಅಂದರೆ ಪೈಲ್‌ಗಳ ತಲೆಯನ್ನೆಲ್ಲ ಒಟ್ಟಿಗೆ ಹಿಡಿಯುವ ದಪ್ಪ ಕಾಂಕ್ರೀಟ್ ತಟ್ಟೆ, ಬಿರುಕು ಬಿಡುತ್ತದೆ. ಅದಕ್ಕೇ ನಾನು ಎರಡು ಬೇರೆ ಬೇರೆ ಹಾಳೆ ಮಾಡಿಕೊಳ್ಳುತ್ತೇನೆ.

ಮೂರನೆಯದು: ಲೋಡ್ ಯಾವ ಮಟ್ಟದಲ್ಲಿ ಕೊಟ್ಟಿದ್ದಾರೆ? ಸಾಮಾನ್ಯವಾಗಿ ಗೋಪುರದ ಕೆಳಗಿನ ಫ್ಲೇಂಜಿನಲ್ಲಿ, ಅಂದರೆ ಬುಡದ ಉಕ್ಕಿನ ಬಳೆಯಲ್ಲಿ. ನಿಮಗೆ ಬೇಕಾದದ್ದು ಪೈಲ್ ಕ್ಯಾಪಿನ ತಳದಲ್ಲಿ.

ನಮ್ಮ ಉದಾಹರಣೆಗೆ 3 ಮೆಗಾವಾಟ್ ವರ್ಗದ, 120 ಮೀಟರ್ ಎತ್ತರದ ಯಂತ್ರ ಅಂತ ಇಟ್ಟುಕೊಳ್ಳಿ. ಗೋಪುರದ ಬುಡದಲ್ಲಿ ಮೂಲ ಲೋಡ್ ಹೀಗಿದೆ: ತೂಕ 5,000 ಕಿಲೋನ್ಯೂಟನ್, ಪಕ್ಕದ ತಳ್ಳು 900 ಕಿಲೋನ್ಯೂಟನ್, ಮೊಮೆಂಟ್ 80,000 ಕಿಲೋನ್ಯೂಟನ್ ಮೀಟರ್. ಒಂದು ಕಿಲೋನ್ಯೂಟನ್ ಅಂದರೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ತೂಕ. ಮೊಮೆಂಟ್ ಅಂದರೆ ಮಗುಚುವ ಬಲ: ತಳ್ಳು ಎಷ್ಟು, ಅದು ಎಷ್ಟು ಎತ್ತರದಿಂದ ಬರುತ್ತದೆ, ಇವೆರಡರ ಗುಣಲಬ್ಧ.

ಕ್ಯಾಪಿನ ತಳ ಫ್ಲೇಂಜಿಗಿಂತ 3 ಮೀಟರ್ ಕೆಳಗಿದ್ದರೆ ತಳದಲ್ಲಿ ಮೊಮೆಂಟ್ 80,000 + 900 × 3 = 82,700.

ಹಂತ 4: ಈಗ ಪೈಲ್ ಎಣಿಸೋಣ

18 ಮೀಟರ್ ವ್ಯಾಸದ ದುಂಡನೆ ಕ್ಯಾಪ್ ಇಟ್ಟುಕೊಳ್ಳೋಣ. ಸರಾಸರಿ ದಪ್ಪ 1.8 ಮೀಟರ್ ಹಿಡಿದರೆ ಸುಮಾರು 460 ಘನ ಮೀಟರ್ ಕಾಂಕ್ರೀಟ್, ತೂಕ 11,500 ಕಿಲೋನ್ಯೂಟನ್. ಅದರ ಮೇಲೆ ಹರಡುವ ಮಣ್ಣು 4,000. ಗೋಪುರದ 5,000 ಸೇರಿಸಿದರೆ ಒಟ್ಟು 20,500. ನೋಡಿ, ಯಂತ್ರದ್ದು ಕಾಲು ಪಾಲು ತೂಕ ಮಾತ್ರ.

800 ಮಿ.ಮೀ. ವ್ಯಾಸದ 20 ಪೈಲ್‌ಗಳನ್ನು 8 ಮೀಟರ್ ತ್ರಿಜ್ಯದ ವೃತ್ತದಲ್ಲಿ ಇಡೋಣ. ಪೈಲಿಂದ ಪೈಲಿಗೆ ಸುಮಾರು 2.5 ಮೀಟರ್ ಅಂತರ ಸಿಗುತ್ತದೆ. ವ್ಯಾಸದ ಮೂರು ಪಟ್ಟು ಅಂದರೆ 2.4, ಹಾಗಾಗಿ ಸರಿ ಇದೆ. ಪೈಲ್‌ಗಳನ್ನು ಆದಷ್ಟು ಹೊರ ಅಂಚಿಗೆ ಇಡಬೇಕು. ಮಧ್ಯದಲ್ಲಿ ಇಟ್ಟ ಪೈಲ್ ಮಗುಚುವುದನ್ನು ತಡೆಯುವುದಿಲ್ಲ, ಸುಮ್ನೆ ನಿಂತಿರುತ್ತದೆ.

ವೃತ್ತದಲ್ಲಿ ಇಟ್ಟ ಪೈಲ್‌ಗಳಿಗೆ ಸೂತ್ರ ಸರಳ. ತೂಕವನ್ನು ಪೈಲ್ ಎಣಿಕೆಯಿಂದ ಭಾಗಿಸಿ: 20,500 ÷ 20 = 1,025. ಮೊಮೆಂಟಿನ ಎರಡು ಪಟ್ಟನ್ನು ಎಣಿಕೆ ಮತ್ತು ತ್ರಿಜ್ಯದ ಗುಣಲಬ್ಧದಿಂದ ಭಾಗಿಸಿ: 2 × 82,700 ÷ (20 × 8) = 1,034. ಗಾಳಿ ತಳ್ಳುವ ಕಡೆಯ ತುದಿ ಪೈಲ್ ಮೇಲೆ ಎರಡೂ ಕೂಡುತ್ತವೆ: ಸುಮಾರು 2,060. ಗಾಳಿ ಬರುವ ಕಡೆ ಕಳೆಯುತ್ತವೆ: ಮೈನಸ್ 9. ಅಂದರೆ ಆ ಪೈಲ್ ಹೆಚ್ಚುಕಡಿಮೆ ಖಾಲಿ.

ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಈಗ ನೀರು ತನ್ನಿ. ಮಳೆಗಾಲದಲ್ಲಿ ನೀರು ನೆಲಮಟ್ಟಕ್ಕೆ ಬಂದರೆ, ಅಥವಾ ಪಕ್ಕದ ಹೊಲದಲ್ಲಿ ಪ್ಲಾಸ್ಟಿಕ್ ಹಾಸದೆ ಕೃಷಿ ಹೊಂಡ ತೋಡಿದರೆ, ಮುಳುಗಿದ ಕಾಂಕ್ರೀಟು ಮತ್ತು ಮಣ್ಣು ಘನ ಮೀಟರಿಗೆ 10 ಕಿಲೋನ್ಯೂಟನ್ ಹಗುರ ಆಗುತ್ತವೆ. ಕಾಂಕ್ರೀಟ್ 460, ಮಣ್ಣು (ಘನ ಮೀಟರಿಗೆ 18 ಕಿಲೋನ್ಯೂಟನ್ ಹಿಡಿದರೆ) 222, ಒಟ್ಟು 682 ಘನ ಮೀಟರ್. 6,820 ಕಿಲೋನ್ಯೂಟನ್ ಹೋಯಿತು. ಉಳಿದದ್ದು 13,680, ಪೈಲಿಗೆ 684. ಈಗ 684 − 1,034 = ಮೈನಸ್ 350. ಅದೇ ಪೈಲನ್ನು ಈಗ 350 ಕಿಲೋನ್ಯೂಟನ್ ಮೇಲಕ್ಕೆ ಎಳೆಯುತ್ತಿದೆ, ಸುಮಾರು 35 ಟನ್. ಬೋರ್ ವರದಿಯ “ನೀರು ಸಿಗಲಿಲ್ಲ” ಅನ್ನುವ ಒಂದು ಸಾಲು ಲೆಕ್ಕವನ್ನು ಇಷ್ಟು ತಿರುಗಿಸುತ್ತದೆ.

ನನ್ನ ನಿಯಮ ಇದು. ಬಿರುಗಾಳಿಯ ಗರಿಷ್ಠ ಲೋಡಿನಲ್ಲಿ ಕೆಲವು ಪೈಲ್ ಎಳೆತಕ್ಕೆ ಹೋದರೆ ಒಪ್ಪುತ್ತೇನೆ, ಅದಕ್ಕೆ ತಕ್ಕ ಕಂಬಿ ಕೊಡುತ್ತೇನೆ. ಆದರೆ ವರ್ಷದಲ್ಲಿ 87 ಗಂಟೆ ಮಾತ್ರ ಮೀರುವಂಥ ಲೋಡ್ ಇದೆಯಲ್ಲ, ದಾಖಲೆಯಲ್ಲಿ ಅದನ್ನು ಬೇರೆಯಾಗಿ ಕೊಟ್ಟಿರುತ್ತಾರೆ, ಅಷ್ಟರವರೆಗೆ ಯಾವ ಪೈಲೂ ಎಳೆತಕ್ಕೆ ಹೋಗಬಾರದು. ಒಮ್ಮೆ ಒತ್ತು, ಒಮ್ಮೆ ಎಳೆ ಅಂತ ದಿನವೂ ನಡೆದರೆ ಪೈಲಿನ ಮೈಗೂ ಮಣ್ಣಿಗೂ ಇರುವ ಹಿಡಿತ ಸಡಿಲ ಆಗುತ್ತಾ ಹೋಗುತ್ತದೆ. ಗೂಟವನ್ನು ಅಲ್ಲಾಡಿಸಿ ಅಲ್ಲಾಡಿಸಿ ಕೀಳುವ ಹಾಗೆ.

ಹಂತ 5: ಒಂದು ಪೈಲ್ ಎಷ್ಟು ಹೊರುತ್ತದೆ?

ಪೈಲ್ ಎರಡು ರೀತಿಯಲ್ಲಿ ಹೊರುತ್ತದೆ. ಮೈಯ ಉಜ್ಜುವಿಕೆಯಿಂದ ಒಂದಷ್ಟು, ತುದಿಯ ಊರುವಿಕೆಯಿಂದ ಒಂದಷ್ಟು. ಮಣ್ಣು ಹೀಗಿದೆ ಅನ್ನೋಣ: 3.5 ಮೀಟರ್‌ವರೆಗೆ ಎರೆ, 10 ಮೀಟರ್‌ವರೆಗೆ ಬಿಗಿ ಜೇಡಿ, ಕೆಳಗೆ ಶಿಥಿಲ ಕಲ್ಲು, ಅಂದರೆ ಕೈಯಲ್ಲಿ ಹಿಡಿದರೆ ಪುಡಿಯಾಗುವ ಕೊಳೆತ ಕಲ್ಲು.

ಮೇಲಿನ 3.5 ಮೀಟರಿನ ಉಜ್ಜುವಿಕೆಯನ್ನು ಸೊನ್ನೆ ಅಂತ ಬರೆಯಿರಿ. ಬೇಸಿಗೆಯಲ್ಲಿ ಎರೆ ಕೈ ತೂರುವಷ್ಟು ಬಿರುಕು ಬಿಡುವುದನ್ನು ನೋಡಿದ್ದೀರಲ್ಲ. ಪೈಲಿನ ಸುತ್ತಲೂ ಅದೇ ಆಗುತ್ತದೆ. ಮಳೆಗಾಲದಲ್ಲಿ ಉಬ್ಬಿ ಪೈಲನ್ನೇ ಮೇಲಕ್ಕೆ ಎಳೆಯಲು ನೋಡುತ್ತದೆ.

ಪೈಲಿನ ಸುತ್ತಳತೆ 2.51 ಮೀಟರ್. ಜೇಡಿಯ 6.5 ಮೀಟರಿಗೆ ಚದರ ಮೀಟರಿಗೆ 40ರಂತೆ ಸುಮಾರು 650 ಕಿಲೋನ್ಯೂಟನ್. ಶಿಥಿಲ ಕಲ್ಲಿನಲ್ಲಿ 4 ಮೀಟರ್ ಇಳಿದರೆ 120ರಂತೆ ಸುಮಾರು 1,200. ತುದಿಯಲ್ಲಿ ಚದರ ಮೀಟರಿಗೆ 5,000ದಂತೆ ಸುಮಾರು 2,500. ಒಟ್ಟು 4,350. ಸೂತ್ರದಿಂದ ತೆಗೆದ ಶಕ್ತಿಗೆ ಐಎಸ್ 2911 ಕನಿಷ್ಠ 2.5ರ ಸುರಕ್ಷಾ ಗುಣಕ ಕೇಳುತ್ತದೆ: 4,350 ÷ 2.5 = 1,740. ಬೇಕಾದದ್ದು 2,060. ಸಾಲಲಿಲ್ಲ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ, ಬೀಳಬೇಡಿ. ಅದೇ ಕೋಡಿನಲ್ಲಿ, ಗಾಳಿಯ ಲೋಡ್ ಕ್ಷಣಿಕ ಅನ್ನುವ ಕಾರಣಕ್ಕೆ ಪೈಲಿನ ಸುರಕ್ಷಿತ ಶಕ್ತಿಯನ್ನು ಶೇ. 25ರವರೆಗೆ ಹೆಚ್ಚಿಸಿಕೊಳ್ಳಬಹುದು ಅನ್ನುವ ಒಂದು ಮಾತಿದೆ. 1,740ಕ್ಕೆ ಶೇ. 25 ಸೇರಿಸಿದರೆ 2,175, ಕೆಲಸ ಮುಗಿಯಿತು ಅನ್ನಿಸುತ್ತದೆ. ಆ ಸವಲತ್ತು ಕಟ್ಟಡಕ್ಕೆ. ಅಲ್ಲಿ ಗಾಳಿ ಅತಿಥಿ, ಬಂದು ಹೋಗುತ್ತದೆ. ವಿಂಡ್‌ಮಿಲ್‌ಗೆ ಗಾಳಿಯೇ ಮನೆಯವರು. ಗಾಳಿ ಜಾಸ್ತಿ ಇರುವ ಜಾಗ ಹುಡುಕಿಯೇ ಯಂತ್ರ ನಿಲ್ಲಿಸಿರುತ್ತಾರೆ. ನಾನು ಈ ಶೇ. 25 ಅನ್ನು ಯಾವತ್ತೂ ಬಳಸುವುದಿಲ್ಲ.

ಬದಲಿಗೆ ಕಲ್ಲಿನಲ್ಲಿ ಇನ್ನೂ 3 ಮೀಟರ್ ಇಳಿಸಿ. 900 ಸಿಗುತ್ತದೆ. 5,250 ÷ 2.5 = 2,100. ಸಾಕು. ನೆಲದಿಂದ 17 ಮೀಟರ್ ಆಳ.

ಎಳೆತಕ್ಕೆ ತುದಿಯ ಸಹಾಯ ಇಲ್ಲ. ಮೈಯ ಉಜ್ಜುವಿಕೆ ಮತ್ತು ಪೈಲಿನ ತೂಕ ಮಾತ್ರ. ಎಳೆದು ನೋಡುವ ಟೆಸ್ಟ್ ಮಾಡದಿದ್ದರೆ ಗುಣಕ 3, ಮಾಡಿದರೆ 2. ಟೆಸ್ಟ್ ಮಾಡಿಸುವುದೇ ಲಾಭ.

ಕ್ಯಾಪಿನ ಕೆಳಗಿನ ಎರೆಯನ್ನೂ ಮರೆಯಬೇಡಿ. ಚದರ ಮೀಟರಿಗೆ 100 ಕಿಲೋನ್ಯೂಟನ್ ಉಬ್ಬುವ ಒತ್ತಡ ನಮ್ಮ ಕಡೆ ಅಪರೂಪ ಅಲ್ಲ. ಕ್ಯಾಪಿನ ತಳ 254 ಚದರ ಮೀಟರ್. ಗುಣಿಸಿ ನೋಡಿ, 25,400. ಮೇಲಿನ ಒಟ್ಟು ತೂಕಕ್ಕಿಂತಲೂ ಹೆಚ್ಚು! ಹಾಗಾಗಿ ತಳದ ಕೆಳಗೆ ಉಳಿದ ಎರೆಯನ್ನು ಪೂರ್ತಿ ತೆಗೆದು, ಉಬ್ಬದ ಗರಸು ತುಂಬಿಸಿ. ಹೀಗೆ ಉಬ್ಬದ ಅಂಟು ಮಣ್ಣಿನ ಪದರ ಹಾಕುವ ಪದ್ಧತಿಯನ್ನು ರೂಪಿಸಿದವರು ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ. ಮರಳು ಮಾತ್ರ ಬೇಡ, ಅದು ನೀರನ್ನು ಹಿಡಿದು ಕೆಳಗಿನ ಎರೆಗೆ ಕುಡಿಸುತ್ತದೆ.

ಹಂತ 6: ಬಿಗಿತ, ಬಹಳ ಜನ ಬಿಟ್ಟುಬಿಡುವ ಲೆಕ್ಕ

ಪಂಚಮಿ ಜೋಕಾಲಿ ಜೀಕಿದವರಿಗೆ ಇದು ಗೊತ್ತು. ಸರಿಯಾದ ಹೊತ್ತಿಗೆ ಸಣ್ಣದಾಗಿ ಜೀಕಿದರೂ ಜೋಕಾಲಿ ಮೇಲೆ ಮೇಲೆ ಹೋಗುತ್ತದೆ. ಗೋಪುರಕ್ಕೂ ತನ್ನದೇ ಒಂದು ತೂಗುವ ಲಯ ಇದೆ. ರೆಕ್ಕೆಗಳು ಆ ಲಯಕ್ಕೆ ಸರಿಯಾಗಿ ಜೀಕಬಾರದು.

ರೋಟರ್ ನಿಮಿಷಕ್ಕೆ 7ರಿಂದ 12 ಸುತ್ತು ತಿರುಗಿದರೆ ಅದರ ಲಯ ಸೆಕೆಂಡಿಗೆ 0.12ರಿಂದ 0.2. ಮೂರು ರೆಕ್ಕೆ ಒಂದೊಂದಾಗಿ ಗೋಪುರದ ಮುಂದೆ ಹಾಯುವ ಲಯ ಇದರ ಮೂರು ಪಟ್ಟು, 0.35ರಿಂದ 0.6. ಗೋಪುರದ ಲಯವನ್ನು ಈ ಎರಡರ ನಡುವಿನ ಸಂದಿಯಲ್ಲಿ ಕೂರಿಸಿರುತ್ತಾರೆ. ಅಡಿಪಾಯ ಮೆತ್ತಗಾದರೆ ಗೋಪುರದ ಲಯ ಕೆಳಗೆ ಜಾರಿ ರೋಟರ್ ಲಯಕ್ಕೆ ಹತ್ತಿರ ಬರುತ್ತದೆ. ಅದಕ್ಕೇ ತಯಾರಕರು ಅಡಿಪಾಯದ ತಿರುಗು ಬಿಗಿತ, ಅಂದರೆ ವಾಲಿಸಲು ನೋಡಿದಾಗ ಅದು ತೋರುವ ಪ್ರತಿರೋಧ, ಇಷ್ಟಾದರೂ ಇರಲಿ ಅಂತ ಒಂದು ಅಂಕಿ ಕೊಡುತ್ತಾರೆ.

ನಮ್ಮ ಉದಾಹರಣೆಯಲ್ಲಿ ಆ ಅಂಕಿ ರೇಡಿಯನ್‌ಗೆ 80 ಗಿಗಾನ್ಯೂಟನ್ ಮೀಟರ್ ಅನ್ನೋಣ. ಒಂದು ಪೈಲ್ ಮೇಲೆ 1,000 ಕಿಲೋನ್ಯೂಟನ್ ಇಟ್ಟಾಗ 5 ಮಿ.ಮೀ. ಕುಸಿದರೆ ಅದರ ಬಿಗಿತ ಮೀಟರಿಗೆ 200 ಮೆಗಾನ್ಯೂಟನ್. ಗುಂಪಿನ ತಿರುಗು ಬಿಗಿತ = ಪೈಲ್ ಬಿಗಿತ × ಎಣಿಕೆ × ತ್ರಿಜ್ಯದ ವರ್ಗ ÷ 2. ಅಂದರೆ 200 × 20 × 64 ÷ 2 = 1,28,000 ಮೆಗಾನ್ಯೂಟನ್ ಮೀಟರ್, ಅದೇ 128 ಗಿಗಾ. ಪಾಸ್.

ಈಗ ಪೈಲಿನ ಬುಡದಲ್ಲಿ ಕೆಸರು ಉಳಿದಿದೆ ಅಂದುಕೊಳ್ಳಿ. ಅದೇ 1,000ಕ್ಕೆ 12 ಮಿ.ಮೀ. ಕುಸಿಯಿತು. ಬಿಗಿತ 83ಕ್ಕೆ ಇಳಿಯಿತು, ಗುಂಪಿನದ್ದು ಸುಮಾರು 53. ಫೇಲ್. ಗಮನಿಸಿ, ಎಣಿಕೆ ಅದೇ, ಉದ್ದ ಅದೇ, ಕಂಬಿ ಅದೇ. ವಾಲುವಿಕೆ ನೋಡಿದರೆ ಗೊತ್ತೂ ಆಗುವುದಿಲ್ಲ. 128 ಇದ್ದಾಗ ಬಿರುಗಾಳಿಗೆ ಬುಡ ಮೀಟರಿಗೆ 0.65 ಮಿ.ಮೀ. ವಾಲುತ್ತದೆ. 53 ಇದ್ದಾಗ 1.55. ಸಾಮಾನ್ಯವಾಗಿ ಬಳಸುವ ಮಿತಿ ಮೀಟರಿಗೆ 3 ಮಿ.ಮೀ. ಎರಡೂ ಅದರೊಳಗೇ ಇವೆ. ವಾಲುವಿಕೆ ಮಾತ್ರ ನೋಡಿ ಸಹಿ ಹಾಕಿದವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಎರಡು ಮಾತು ಸೇರಿಸಬೇಕು. ಗುಂಪಿನಲ್ಲಿರುವ ಪೈಲ್ ಒಂಟಿ ಪೈಲಿಗಿಂತ ಜಾಸ್ತಿ ಕುಸಿಯುತ್ತದೆ, ಯಾಕೆಂದರೆ ಅಕ್ಕಪಕ್ಕದವು ಅದೇ ಮಣ್ಣನ್ನು ಒತ್ತುತ್ತಿರುತ್ತವೆ. ಹಾಗಾಗಿ ಮೇಲಿನ 128 ಆಶಾವಾದದ ಅಂಕಿ. ಇನ್ನೊಂದು, ಸಣ್ಣ ಕಂಪನಕ್ಕೆ ಮಣ್ಣು ತೋರುವ ಬಿಗಿತ, ನಿಧಾನವಾಗಿ ಭಾರ ಹೇರಿದಾಗ ತೋರುವುದಕ್ಕಿಂತ ಹೆಚ್ಚು. ತಯಾರಕರು ಕೇಳಿದ್ದು ಯಾವುದು ಅಂತ ಓದಿ. ಎರಡನೇ ಹಂತದ ಅಲೆ ವೇಗದ ಅಳತೆ ಬೇಕಾಗುವುದು ಇಲ್ಲೇ.

ಹಂತ 7: ಕಂಬಿ, ಕ್ಯಾಪ್, ಬೋಲ್ಟ್ ಪಂಜರ

ಪೈಲಿಗೆ ಕೋಡ್ ಕೇಳುವ ಕನಿಷ್ಠ ಉದ್ದ ಕಂಬಿ ಶೇ. 0.4. 800 ಮಿ.ಮೀ. ಪೈಲಿಗೆ 16 ಮಿ.ಮೀ.ಯ 10 ಕಂಬಿ ಹಾಕಿದರೆ ಸರಿಯಾಗಿ ಅಷ್ಟೇ ಬರುತ್ತದೆ, ಒಂದು ಕೂದಲೂ ಜಾಸ್ತಿ ಇಲ್ಲ. ಅಷ್ಟಕ್ಕೇ ನಿಲ್ಲಬೇಡಿ. ಪಕ್ಕದ ತಳ್ಳು ಪೈಲಿಗೆ 45 ಕಿಲೋನ್ಯೂಟನ್ ಬರುತ್ತದೆ. ಅದರಿಂದ ಪೈಲಿನ ತಲೆ ಬಾಗುತ್ತದೆ, ಮೇಲೆ ಎಳೆತ ಬೇರೆ. ಮೇಲಿನ ಆರೇಳು ಮೀಟರಿನಲ್ಲಿ ಕಂಬಿ ದಟ್ಟ ಇರಲಿ. ಎಳೆತ ಇರುವ ಕಡೆ ಪೂರ್ತಿ ಉದ್ದಕ್ಕೂ ಇಳಿಯಲಿ. ಪೈಲಿನ ಕಾಂಕ್ರೀಟ್ ಕ್ಯಾಪಿನೊಳಗೆ 50 ಮಿ.ಮೀ. ಹೋಗಬೇಕು, ಕಂಬಿ ಪೂರ್ತಿ ಹಿಡಿತದ ಉದ್ದಕ್ಕೆ ಹೋಗಬೇಕು.

ಕ್ಯಾಪಿನಲ್ಲಿ ಸಾಮಾನ್ಯ ತಪ್ಪು ಅಂದರೆ ತಳದ ಜಾಲರಿಗೆ ಮಾತ್ರ ಗಮನ ಕೊಡುವುದು. ಗಾಳಿ ತಳ್ಳುವ ಕಡೆ ಪೈಲ್ ಮೇಲಕ್ಕೆ ಒತ್ತುತ್ತದೆ, ತಳದ ಕಂಬಿ ದುಡಿಯುತ್ತದೆ. ಎದುರು ಕಡೆ ಪೈಲ್ ಖಾಲಿ. ಅಲ್ಲಿ ಕ್ಯಾಪಿನ ಮತ್ತು ಮಣ್ಣಿನ ತೂಕ ಚಜ್ಜದ ಹಾಗೆ ಜೋತು ಬೀಳುತ್ತದೆ, ಆಗ ಮೇಲಿನ ಕಂಬಿ ದುಡಿಯಬೇಕು. ಗಾಳಿ ದಿಕ್ಕು ಬದಲಿಸುತ್ತಲೇ ಇರುತ್ತದೆ, ಹಾಗಾಗಿ ಸುತ್ತಲೂ ಎರಡೂ ಬೇಕು.

ಗೋಪುರವನ್ನು ಹಿಡಿಯುವುದು ಬೋಲ್ಟ್ ಪಂಜರ. ನೂರಕ್ಕೂ ಹೆಚ್ಚು ಉದ್ದ ಬೋಲ್ಟ್‌ಗಳು ಕ್ಯಾಪಿನ ಆಳದಲ್ಲಿರುವ ಉಕ್ಕಿನ ಉಂಗುರದಿಂದ ಮೇಲಿನ ಫ್ಲೇಂಜಿನವರೆಗೆ ಬರುತ್ತವೆ. ಜ್ಯಾಕ್ ಹಾಕಿ ಇವನ್ನು ಮೊದಲೇ ಎಳೆದು ಬಿಗಿಯುತ್ತಾರೆ. ಹಾಗಾಗಿ ಗಾಳಿ ಎಳೆದರೂ ಫ್ಲೇಂಜಿನ ಕೆಳಗೆ ಸಂದಿ ಬಿಡುವುದಿಲ್ಲ. ಹಳೆಯ ಪದ್ಧತಿಯಲ್ಲಿ ಗೋಪುರದ ಒಂದು ಉಕ್ಕಿನ ತುಂಡನ್ನೇ ಕಾಂಕ್ರೀಟಿನಲ್ಲಿ ಹೂಳುತ್ತಿದ್ದರು. ಯುರೋಪಿನಲ್ಲಿ ಅಂಥ ಹಲವು ಅಡಿಪಾಯಗಳಲ್ಲಿ ಉಕ್ಕು ಕಾಂಕ್ರೀಟ್ ನಡುವೆ ಸಂದಿಯಾಗಿ, ನೀರು ಇಳಿದು, ಗೋಪುರ ಕುಣಿದಂತೆಲ್ಲ ಕಾಂಕ್ರೀಟ್ ಪುಡಿಯಾಗಿ ಹೊರಬಂತು.

ಇನ್ನು ಫಟೀಗ್. ಮತ್ತೆ ಮತ್ತೆ ಬೀಳುವ ಹೊರೆಗೆ ವಸ್ತು ದಣಿಯುವುದಕ್ಕೆ ಹಾಗೆನ್ನುತ್ತಾರೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೀರಲ್ಲ, ಅದೇ. ನಿಮಿಷಕ್ಕೆ 10 ಸುತ್ತಿನಂತೆ ನಿಲ್ಲದೆ ತಿರುಗಿದರೆ 20 ವರ್ಷಕ್ಕೆ 10.5 ಕೋಟಿ ಸುತ್ತು, ರೆಕ್ಕೆ ಹಾಯುವುದು 31 ಕೋಟಿ ಸಲ. ಐಎಸ್ 456 ಹಿಡಿದು ಈ ಲೆಕ್ಕ ಮಾಡಲಾಗುವುದಿಲ್ಲ, ಅದಕ್ಕೇ ಐಇಸಿ 61400-6 ಬೇಕು ಅಂದದ್ದು. ತಯಾರಕರು ಯಾವ ಮಟ್ಟದ ಹೊರೆ ಎಷ್ಟು ಸಲ ಅಂತ ಪಟ್ಟಿ ಕೊಡುತ್ತಾರೆ. ಪ್ರತಿ ಸಾಲಿನ ದಣಿವು ಕೂಡಿಸಿದರೆ ಒಟ್ಟು ಒಂದನ್ನು ಮೀರಬಾರದು. ನೋಡಬೇಕಾದ ಜಾಗಗಳು: ಫ್ಲೇಂಜಿನ ಕೆಳಗಿನ ಗ್ರೌಟ್ (ಸಂದಿ ತುಂಬುವ ಗಟ್ಟಿ ಗಾರೆ) ಮತ್ತು ಕಾಂಕ್ರೀಟ್, ಕೆಳ ಉಂಗುರದ ಮೇಲ್ಭಾಗ, ಕ್ಯಾಪಿನ ಕಂಬಿ, ಪೈಲಿನ ತಲೆ. ಕಂಬಿಗಳನ್ನು ವೆಲ್ಡ್ ಮಾಡಿ ಜೋಡಿಸುವುದು ಬೇಡವೇ ಬೇಡ. ವೆಲ್ಡ್ ಬಿದ್ದ ಕಡೆ ಕಂಬಿ ಬೇಗ ದಣಿಯುತ್ತದೆ.

ಹಂತ 8: ಟೆಸ್ಟ್ ಪೈಲ್

ಕೆಲಸದ ಪೈಲ್ ಶುರು ಮಾಡುವ ಮೊದಲೇ ಟೆಸ್ಟ್ ಪೈಲ್ ಹಾಕಿ, ಲೆಕ್ಕದ ಲೋಡಿನ 2.5 ಪಟ್ಟು ಹೇರಿ ನೋಡಿ. ಕೆಲಸದ ಪೈಲ್‌ಗಳಲ್ಲಿ ಆಯ್ದವಕ್ಕೆ 1.5 ಪಟ್ಟು. ಬರೀ ಪಾಸ್ ಫೇಲ್ ನೋಡಿ ಫೈಲ್ ಮುಚ್ಚಬೇಡಿ, ಲೋಡ್ ಕುಸಿತದ ಗೆರೆಯ ಇಳಿಜಾರಿನಲ್ಲೇ ನಿಮ್ಮ ಆರನೇ ಹಂತದ ಬಿಗಿತ ಇದೆ. ಲೋಡನ್ನು ಕೆಲವು ಸಲ ಇಳಿಸಿ ಏರಿಸಿ ನೋಡಿದರೆ ಇನ್ನೂ ಒಳ್ಳೆಯದು. ಎಳೆತ ಮತ್ತು ಪಕ್ಕದ ತಳ್ಳಿನ ಟೆಸ್ಟನ್ನೂ ಟೆಂಡರಿನಲ್ಲೇ ಬರೆಸಿ. ಆಮೇಲೆ ಕೇಳಿದರೆ ಯಾರೂ ಮಾಡುವುದಿಲ್ಲ.

ಹಂತ 9: ಸೈಟ್‌ನಲ್ಲಿ

ಬೋರ್ ಕೊರೆದ ಮೇಲೆ ಬುಡ ತೊಳೆಯುವುದೇ ಮುಖ್ಯ. ಪಂಜರ ಇಳಿಸಿದ ಮೇಲೆ ಇನ್ನೊಮ್ಮೆ ತೊಳೆಸಿ, ಆಳವನ್ನು ಗುಂಡು ಕಟ್ಟಿದ ಟೇಪಿನಿಂದ ನೀವೇ ಅಳೆಯಿರಿ. ಗುಂಡು ಟಕ್ ಅಂತ ಕೂರಬೇಕು. ಮೆತ್ತಗೆ ಹೂತರೆ ಕೆಸರಿದೆ, ಕಾಂಕ್ರೀಟ್ ನಿಲ್ಲಿಸಿ. ರಿಗ್‌ನವರು “ಆಗುತ್ತೆ ಸರ್” ಅನ್ನುತ್ತಾರೆ, ಆಗಲ್ಲ.

ಕಾಂಕ್ರೀಟನ್ನು ಬುಡದವರೆಗೆ ಇಳಿಸುವ ಟ್ರೆಮಿ ಪೈಪಿನಿಂದ, ಬುಡದಿಂದ ಮೇಲಕ್ಕೆ ತುಂಬಿಸಬೇಕು. ಸ್ಲಂಪ್, ಅಂದರೆ ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಅನ್ನುವ ಅಳತೆ, 150ರಿಂದ 180 ಮಿ.ಮೀ. ಇರಲಿ. ಪೈಪಿನ ತುದಿ ಯಾವಾಗಲೂ ಕಾಂಕ್ರೀಟಿನೊಳಗೇ ಇರಬೇಕು. ಮೇಲೆ ಬರುವ ಕಾಂಕ್ರೀಟ್ ಕೆಸರು ಬೆರೆತದ್ದು, ಪೈಲಿನ ತಲೆ ನಿಲ್ಲಬೇಕಾದ ಕಟ್ ಆಫ್ ಮಟ್ಟಕ್ಕಿಂತ ಮೇಲೆ ಬಿಟ್ಟು ಆಮೇಲೆ ಒಡೆಸಿ. ದೊಡ್ಡ ಬ್ರೇಕರ್ ಹಾಕಿ ಒಡೆದರೆ ತಲೆಯೇ ಸೀಳುತ್ತದೆ, ಕೊನೆಯ ಅರ್ಧ ಅಡಿ ಕೈಯಿಂದ ಆಗಲಿ.

ಕ್ಯಾಪಿನ 460 ಘನ ಮೀಟರ್ ಒಂದೇ ಓಟದಲ್ಲಿ ಆಗಬೇಕು. ಮಧ್ಯೆ ಜೋಡಣೆ ಬರಬಾರದು. 6 ಘನ ಮೀಟರಿನ ಟ್ರಾನ್ಸಿಟ್ ಮಿಕ್ಸರ್ ಅಂದರೆ 77 ಟ್ರಿಪ್. ಗಂಟೆಗೆ 40 ಘನ ಮೀಟರ್ ಆದರೂ ಹನ್ನೊಂದೂವರೆ ಗಂಟೆ. ಪಂಪ್ ಎರಡು ಇರಲಿ, ಹೊಲದ ದಾರಿ ಹಿಂದಿನ ದಿನವೇ ನೋಡಿಬನ್ನಿ. ಎರೆಯಲ್ಲಿ ಒಂದು ಮಳೆ ಬಿದ್ದರೆ ಮಿಕ್ಸರ್ ಹೂತು ನಿಲ್ಲುತ್ತದೆ. ಸಂಜೆ ಶುರು ಮಾಡಿ ಬೆಳಗ್ಗೆ ಮುಗಿಸುವುದು ನಮ್ಮ ಬಿಸಿಲಿಗೆ ಒಳ್ಳೆಯದು. ಸಿಮೆಂಟಿನ ಒಂದು ಭಾಗಕ್ಕೆ ಹಾರುಬೂದಿ ಅಥವಾ ಸ್ಲ್ಯಾಗ್ ಬಳಸಿ ಶಾಖ ತಗ್ಗಿಸಿ. ಒಳಗಿನ ತಾಪ 70 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಒಳಗೂ ಹೊರಗೂ 20 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಥರ್ಮೋಕಪಲ್ ತಂತಿಯನ್ನು ಕಂಬಿಗೆ ಕಟ್ಟಿಟ್ಟರೆ ಅಳೆಯಬಹುದು. ಗೋಣಿಚೀಲದ ಮೇಲೆ ತಣ್ಣೀರು ಸುರಿಯುವ ಉತ್ಸಾಹ ಮೊದಲ ದಿನಗಳಲ್ಲಿ ಬೇಡ. ಹೊರಮೈ ಥಟ್ಟನೆ ತಣ್ಣಗಾದರೆ ಬಿರುಕು ಗ್ಯಾರಂಟಿ.

ಅರ್ಥಿಂಗ್ ಪಟ್ಟಿ ಮತ್ತು ಕೇಬಲ್ ಪೈಪ್ ಹಾಕಿದ್ದೀರಾ ಅಂತ ಕಾಂಕ್ರೀಟಿಗೆ ಮೊದಲು ಎಣಿಸಿ.

ಹಂತ 10: ಮಣ್ಣು ಮುಚ್ಚಿದ ಮೇಲೆ

ಕ್ಯಾಪಿನ ಮೇಲೆ 4,000 ಕಿಲೋನ್ಯೂಟನ್ ಮಣ್ಣು ಲೆಕ್ಕಕ್ಕೆ ಹಿಡಿದಿದ್ದೆವು, ನೆನಪಿದೆಯಾ? ಜೆಸಿಬಿ ಸಡಿಲವಾಗಿ ತಳ್ಳಿದ ಮಣ್ಣು ಅಷ್ಟು ತೂಗುವುದಿಲ್ಲ. ಪದರ ಪದರವಾಗಿ ಕುಟ್ಟಿ, ಸಾಂದ್ರತೆ ಪರೀಕ್ಷೆ ಮಾಡಿಸಿ. ಮೇಲ್ಮೈ ಹೊರಕ್ಕೆ ಇಳಿಜಾರಿರಲಿ, ನೀರು ಬುಡದಲ್ಲಿ ನಿಲ್ಲಬಾರದು. ಹತ್ತಿರದಲ್ಲಿ ಹೊಂಡ ತೋಡಬಾರದು ಅನ್ನುವ ಸಾಲನ್ನು ಡ್ರಾಯಿಂಗಿನಲ್ಲೂ ಬರೆಯಿರಿ, ಜಮೀನಿನ ಕರಾರಿನಲ್ಲೂ ಬರೆಸಿ. ಡ್ರಾಯಿಂಗನ್ನು ರೈತರು ನೋಡುವುದಿಲ್ಲ, ಕರಾರನ್ನು ನೋಡುತ್ತಾರೆ.

ಗೋಪುರ ಕೂರುವ ಪೀಠದ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಹಿತ್ತಾಳೆ ಗುಂಡಿ ಕೂರಿಸಿ. ಗೋಪುರ ನಿಲ್ಲಿಸುವ ಮೊದಲು, ನಿಲ್ಲಿಸಿದ ಮೇಲೆ, ಮೊದಲ ಮಳೆಗಾಲ ಕಳೆದ ಮೇಲೆ, ಹೀಗೆ ಮೂರು ಸಲ ಲೆವೆಲ್ ತೆಗೆದು ಬರೆದಿಡಿ. ಎದುರುಬದುರು ಗುಂಡಿಗಳು 5 ಮೀಟರ್ ದೂರ ಇದ್ದು, ವ್ಯತ್ಯಾಸ 15 ಮಿ.ಮೀ.ಗೆ ಬಂತು ಅಂದರೆ ಮೀಟರಿಗೆ 3ರ ಮಿತಿ ಮುಟ್ಟಿತು ಅಂತ. ನಾನು ಅದರ ಅರ್ಧಕ್ಕೇ ಫೋನ್ ಮಾಡಿ ಅಂತ ಸೈಟ್‌ನವರಿಗೆ ಹೇಳಿರುತ್ತೇನೆ.